ಮೂರನೇ ಕೋಣೆಯ ಕೊನೆಯ ಸಾಲು

ಔಷಧಿ ಉಗ್ರಾಣದ ಕಂಪ್ಯೂಟರ್ ಗುಮಾಸ್ತ ಮಹಾ ಬುದ್ಧಿವಂತ ಎಂಬ ಮಾತಿತ್ತು. ಆ ಮಾತು ಹಬ್ಬಿಸಿದವನು ಅವನೇ. ಹೆಂಡತಿ ತರಲು ಹೇಳಿದ ಮೂರು ಸಾಮಾನಿನಲ್ಲಿ ಎರಡನ್ನು ಮರೆತು ಬರುವ ಆಸಾಮಿ, ಕಂಪ್ಯೂಟರಿಗೆ ನೆನಪಿಟ್ಟುಕೊಳ್ಳುವುದನ್ನು ಕಲಿಸಲು ಹೊರಟಿದ್ದ.

ಆದದ್ದಿಷ್ಟು. ಉಗ್ರಾಣದಲ್ಲಿ ನಾಲ್ಕು ತಂಪು ಕೋಣೆಗಳು, ಕೋಣೆಗೊಂದರಂತೆ ದಿನದ ಫೈಲು. ಯಾರ ಕಾರ್ಡಿಗೆ ಬಾಗಿಲು ತೆರೆಯಿತು, ಯಾವಾಗ ಮುಚ್ಚಿತು, ಎಷ್ಟು ಗಂಟೆಗೆ ಬಿಸಿ ಏರಿತು, ಎಲ್ಲವೂ ಅದರಲ್ಲಿ ಸಾಲುಸಾಲಾಗಿ ಬೀಳುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ನಾಲ್ಕನೇ ಕೋಣೆಯ ಲಸಿಕೆಯೆಲ್ಲ ಹಾಳಾಗಿತ್ತು. ಬಾಗಿಲು ತೆರೆದಿಟ್ಟವರು ಯಾರೆಂದು ಮ್ಯಾನೇಜರು ಕೇಳಿದರು. ಗುಮಾಸ್ತ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದ. ಅದು ನಾಲ್ಕೂ ಫೈಲುಗಳನ್ನು ಒಂದರ ಹಿಂದೊಂದು ಓದುತ್ತ, ಆಗಷ್ಟೇ ದಾಟಿದ ಸಾಲನ್ನು ನೆನಪಿನಲ್ಲಿ ಹಿಡಿದುಕೊಂಡು ಸಾಗುತ್ತಿತ್ತು. 'ಬಿಸಿ ಏರಿದೆ' ಎಂಬ ಸಾಲು ಸಿಕ್ಕ ಕೂಡಲೇ ಅದರ ಹಿಂದಿನ ಸಾಲಿನ ಕಾರ್ಡು ಯಾರದೆಂದು ತೋರಿಸುತ್ತಿತ್ತು. ನೋಡಲು ಚೆಂದವಾಗಿರಲಿ ಎಂದು ಅದು ತೋರಿಸುವ ಉತ್ತರದಿಂದ ಗಂಟೆ, ಕೋಣೆ ಎರಡನ್ನೂ ಕತ್ತರಿಸಿ ಹಾಕಿದ್ದ.

ಬಂದದ್ದು ನೆಲ ಒರೆಸುವ ಅಕ್ಕನ ಕಾರ್ಡು.

"ಮೂರನೇ ಕೋಣೆ ಒರೆಸಿ, ಬಾಗಿಲು ಹಾಕಿ ಮನೆಗೆ ಹೋದೆ. ನಾಲ್ಕನೇದಕ್ಕೆ ಕಾಲೇ ಇಟ್ಟಿಲ್ಲ" ಎಂದಳು ಆಕೆ.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಕ್ಕ" ಎಂದ ನಮ್ಮ ಧರ್ಮರಾಯ.

ಹನ್ನೊಂದು ವರ್ಷದ ಕೆಲಸ. ನಾಳೆಯಿಂದ ಬರಬೇಡಿ ಎಂದರು ಮ್ಯಾನೇಜರು. ಅಕ್ಕ ಬಕೆಟ್ ಬೋರಲು ಹಾಕಿ, ಒರೆಸುವ ಬಟ್ಟೆ ಹಿಂಡಿ ಹರವಿ ಹೊರಟಳು.

ಸಂಜೆ ಗುಮಾಸ್ತನ ಮನೆಯಲ್ಲಿ ಹೆಂಡತಿ ಸೋರುವ ನಲ್ಲಿಯ ಮಾತೆತ್ತಿದಳು. ಇವನು ಬಾಯಿ ತೆರೆದವನೇ, ನಿಮ್ಮಣ್ಣ ಮಾತ್ರ ಭಾರಿ ಕೆಲಸಗಾರ ಎಂದ. ಅದು ಹಿಂದಿನ ದಿನದ ಜಗಳದ ಕೊನೆಯ ಮಾತು. ಆ ಜಗಳ ಯಾವುದರ ಬಗ್ಗೆ ಎಂಬುದು ಇವನಿಗೇ ಮರೆತಿತ್ತು. ಅವಳಿಗೆ ಸಿಟ್ಟೂ ಬರಲಿಲ್ಲ.

"ನಿನ್ನೆ ಜಗಳ ನಿನ್ನೆಗೇ ಮುಗೀತು. ಇದು ಬೇರೆ ಜಗಳ. ಅದರ ಕೊನೇ ಮಾತನ್ನ ತಂದು ಇದರ ತಲೆಗೆ ಯಾಕೆ ಕಟ್ತೀರಿ?"

ಗುಮಾಸ್ತನಿಗೆ ನಾಲ್ಕನೇ ಫೈಲು ನೆನಪಾಯಿತು. ಚಪ್ಪಲಿ ಮೆಟ್ಟಿ ಓಡಿದ. ನಲ್ಲಿ ರಿಪೇರಿಯವನನ್ನು ಕರೆತರಲು ಹೋದನೆಂದು ಹೆಂಡತಿ ನಂಬಿದಳು, ಪಾಪ.

ಉಗ್ರಾಣದಲ್ಲಿ ನಾಲ್ಕನೇ ಫೈಲು ತೆರೆದು ನೋಡಿದರೆ ಮೊದಲ ಸಾಲೇ 'ಬಿಸಿ ಏರಿದೆ'. ಅದರ ಹಿಂದೆ ಸಾಲೇ ಇಲ್ಲ. ಆ ದಿನ ಬಾಗಿಲನ್ನು ಯಾರೂ ಮುಟ್ಟಿರಲಿಲ್ಲ. ತಂಪು ಮಾಡುವ ಯಂತ್ರ ತಾನಾಗಿ ನಿಂತಿತ್ತು, ಮತ್ತೆ ತಾನಾಗಿ ಹೊರಟಿತು ಎಂಬುದು ಕೆಳಗಿನ ಸಾಲುಗಳಲ್ಲೇ ಇತ್ತು. ಫೈಲು ಬದಲಾದಾಗ ಹಳೆಯ ನೆನಪನ್ನು ಅಳಿಸು ಎಂದು ಇವನು ಹೇಳಿರಲೇ ಇಲ್ಲ. ಸ್ಕ್ರಿಪ್ಟ್ ಮೂರನೇ ಫೈಲಿನ ಕೊನೆಯ ಸಾಲನ್ನು ಹೊತ್ತುಕೊಂಡೇ ನಾಲ್ಕನೆಯದಕ್ಕೆ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅವನು ಊರಿಗೆಲ್ಲ ಹೇಳುತ್ತಿದ್ದ. ಈಗ ಬರೆ ಎಳೆದ ಕೈ ಅವನದೇ. ನಾಚಿಕೆಯಿಂದ ಒಬ್ಬನೇ ಕುಳಿತು ಸ್ಕ್ರಿಪ್ಟಿಗೆ 'ಅಳಿಸು' ಎಂಬ ಆ ಒಂದು ಸಾಲನ್ನು ಸೇರಿಸಿದ.

ಮರುದಿನ ಮ್ಯಾನೇಜರಿಂದ ಹೊಟ್ಟೆ ತುಂಬ ಬೈಸಿಕೊಂಡು, ಅಕ್ಕನನ್ನು ಕರೆಯಲು ಅವಳ ಮನೆಗೇ ಹೋದ. ತಪ್ಪಾಯ್ತು ಎನ್ನುವುದು ಬಿಟ್ಟು ಫೈಲು, ಸಾಲು, ನೆನಪು ಎಂದೆಲ್ಲ ವಿವರಿಸುತ್ತ ಹೊಸ್ತಿಲಲ್ಲೇ ನಿಂತ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಮೂರನೇ ಕೋಣೆ ಬಾಗಿಲು ಹಾಕಿದ್ದು ನಾನು ಅಂತ ತಾನೆ ಕಂಪ್ಯೂಟರ್ ಹೇಳಿದ್ದು? ನಾನೂ ಅದನ್ನೇ ಹೇಳಿದ್ನಲ್ಲ ಸಾರ್."

ಅಕ್ಕ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಮುಂದೆ ನಡೆದಳು. ಬುದ್ಧಿವಂತ ಅವಳ ಹಿಂದೆ ಹೋದ.