ಗಿಡ್ಡ ಹಗ್ಗ

ಮೊನ್ನೆ ಕುಮಟೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಚಂದ್ರನನ್ನು ಹರಡಲಾಯಿತು. ಹರಡಿದವಳು ನನ್ನ ತಂಗಿಯ ಮಗಳು ಸುಮನಾ. ಚಂದ್ರನ ಮೇಲೆ ಮನುಷ್ಯರ ಮೊದಲ ವಸತಿಗೆ ನಕ್ಷೆ ಹಾಕುವ ತಂಡದಲ್ಲಿ ಅವಳ ಕೆಲಸ. ಕಾಗದ ಸುರುಳಿಯಾಗದಂತೆ ಒಂದು ಮೂಲೆಗೆ ಉಪ್ಪಿನಕಾಯಿ ಭರಣಿ, ಇನ್ನೊಂದಕ್ಕೆ ನನ್ನ ಮೊಣಕೈ. ಆ ಮಹಾಕಾರ್ಯದಲ್ಲಿ ನನ್ನ ಪಾಲೂ ಇದೆಯೆಂಬುದು ನಿಮ್ಮ ಗಮನದಲ್ಲಿರಲಿ.

"ಇದು ಮಲಗೂ ಜಾಗ, ಇದು ಸೊಪ್ಪು ಬೆಳೆಯೂ ಕೋಣೆ. ಮೊದಲು ಹೋಗೂ ನಾಲ್ಕು ಜನರ ಪಟ್ಟಿಗೆ ನನ್ನ ಹೆಸರೂ ಕೊಟ್ಟೆ ಮಾವ."

ಮೊಣಕೈ ಜಾರಿತು. ಚಂದ್ರ ಸುರುಳಿ ಸುತ್ತಿಕೊಂಡ.

"ವಾಪಸ್ ಬರೂದು ಹ್ಯಾಂಗೆ?"

"ನಮ್ಮನ್ನ ಅಲ್ಲಿ ಬಿಟ್ಟ ವಾಹನ ಖಾಲಿ ತಿರುಗಿ ಬರ್ತದೆ. ನಮ್ಮನ್ನ ತರೂಕೆ ಮತ್ತೊಂದು, ಎರಡನೇ ತಂಡದ ಸಂಗಡ."

"ಅಷ್ಟರೊಳಗೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಎಂತ ಆಗೂದಿಲ್ಲ ಮಾವ."

ಈ ಮಾತನ್ನು ಒಮ್ಮೆ ನಾನೂ ಹೇಳಿದ್ದೆ.

ಆಗ ನಾನು ಹೊನ್ನಾವರದ ಮಾವಿನಕುರ್ವೆಯಲ್ಲಿ ಶಾಲೆ ಮಾಸ್ತರ. ಸುತ್ತಲೂ ಕಡಲು ಸೇರಲಿರುವ ಶರಾವತಿ. ಒಂದು ಬೆಳಿಗ್ಗೆ, ನೀರು ಇಳಿದಿದ್ದಾಗ, ನೆರೆಮನೆ ಗಿರಿಜಕ್ಕನ ದೋಣಿಯಲ್ಲಿ ಪೇಟೆಗೆ ಹೋಗಿ ಬಂದು, ಅದನ್ನು ದಡದ ಗೂಟಕ್ಕೆ ಗಿಡ್ಡವಾಗಿ, ಬಿಗಿಯಾಗಿ ಕಟ್ಟಿದೆ. "ಸಮಾ ಕಟ್ಟಿದ್ರಾ?" ಎಂದು ಅವಳು ಅಂಗಳದಿಂದ ಕೂಗಿದ್ದಕ್ಕೆ, "ಎಂತ ಆಗೂದಿಲ್ಲ" ಎಂದೆ. ಆಮೇಲೆ ಶಾಲೆಗೆ ಹೋಗಿ, ಹಲಗೆಯ ಮೇಲೆ ಚಂದ್ರನನ್ನು ಬರೆದು, ಅವನು ಕಡಲನ್ನು ಎಳೆದು ಉಬ್ಬರ ತರುವ ಬಗೆಯನ್ನು ಘನಗಂಭೀರವಾಗಿ ಬೋಧಿಸಿದೆ. ಮೀನುಗಾರರ ಮಕ್ಕಳು ಮರ್ಯಾದೆಗಾಗಿ ಆಕಳಿಕೆ ನುಂಗಿದರು.

ಮಧ್ಯಾಹ್ನ ಗಿರಿಜಕ್ಕನ ಸೊಸೆಗೆ ಹೆರಿಗೆ ನೋವು ಬಂತು. ಓಡಿಹೋಗಿ ನೋಡಿದರೆ ಉಬ್ಬರ ಏರಿದೆ. ಗಿಡ್ಡ ಹಗ್ಗ ಮೂತಿಯನ್ನು ನೀರಿನ ಜೊತೆ ಮೇಲೇಳಗೊಡದ್ದರಿಂದ ದೋಣಿ ನೀರು ತುಂಬಿ ಮುಳುಗಿದೆ.

"ಎಂತ ಮಾಸ್ತರ್ರೆ, ದೋಣಿ ಕಟ್ಟಿದ್ರಾ, ನೇಣು ಹಾಕಿದ್ರಾ?" ಎನ್ನುತ್ತಲೇ ಗಿರಿಜಕ್ಕ ನೀರಿಗಿಳಿದಳು. ನಾವು ಕೊಡಪಾನದಲ್ಲಿ ನೀರು ಮೊಗೆದು ಚೆಲ್ಲುವಷ್ಟು ಹೊತ್ತೂ ಅವಳ ಸೊಸೆ ದಡದ ಮರಳಿಗೆ ಬೆರಳೂರಿ ನನ್ನನ್ನೇ ನೋಡುತ್ತಿದ್ದಳು. ಆಸ್ಪತ್ರೆಯಿದ್ದ ಎದುರು ದಡ ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

ತಾಯಿ, ಮಗು ಉಳಿದರು. ನನ್ನ ಹೆದರಿಕೆಯೂ ಉಳಿಯಿತು.

ಇದನ್ನು ಹೇಳಿದಾಗ ಸುಮನಾ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಚಂದ್ರನನ್ನು ಮತ್ತೆ ಬಿಡಿಸಿ, ಮಲಗುವ ಜಾಗದ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ವಾಹನ ಬರೆದಳು.

"ಒಂದು ವಾಹನ ಯಾವಾಗ್ಲೂ ಅಲ್ಲೇ ಇರ್ಲಿ ಅಂತ ಹೇಳ್ತೆ. ಒಪ್ತಾರೋ ಇಲ್ವೋ."

"ಒಪ್ಪದಿದ್ರೆ?"

ಅವಳು ಪೆನ್ಸಿಲ್ಲನ್ನು ತಿರುಗಿಸುತ್ತಾ ಕೂತಳು. "ಆದ್ರೂ ಪಟ್ಟಿಯಿಂದ ಹೆಸರು ತೆಗೆಯೂದಿಲ್ಲ ಮಾವ."

ಇವತ್ತು ಸಂಜೆ ತೆಂಗಿನ ಮೇಲೆ ಹುಣ್ಣಿಮೆಯ ಚಂದ್ರ ಬಂದಿದ್ದಾನೆ. ಕಣ್ಣಿಗೆ ಕಾಣುತ್ತಾನೆ, ಅಷ್ಟೇ.