ಹೆಸರು ಕೇಳುವ ಆಟ

ಆ ಬೇಸಿಗೆಯಿಡೀ ನನ್ನ ತಮ್ಮ ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುತ್ತ ಕೂತಿದ್ದ. ಅವನ ಹೆಂಡತಿ ಗಜೇಂದ್ರಗಡದ ತವರುಮನೆಯಲ್ಲಿ ಅವನ ದಾರಿ ಕಾಯುತ್ತಿದ್ದಳು. ರೋಣದಿಂದ ಗಜೇಂದ್ರಗಡ ಏನು ಲಂಡನ್ನೇ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಆದರೂ ಅವನು ಹೋಗಲಿಲ್ಲ. ಕೇಳಿದರೆ ಪರದೆಯಿಂದ ಕಣ್ಣು ತೆಗೆಯದೆ, "ತಡಿ ಅಕ್ಕಾ, ಇದೊಂದು ಪಾಳಿ ಮುಗಸ್ತೀನಿ" ಅನ್ನುತ್ತಿದ್ದ. ಆ ಒಂದು ಪಾಳಿ ಮುಗಿಯುವುದನ್ನು ನಾನು ಕಾಣಲೇ ಇಲ್ಲ.

ಇದು ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ಮನೆಯ ಮುಂದಿನ ಕೋಣೆಯಲ್ಲಿ ತಮ್ಮ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗಲೆಲ್ಲ ಕುಂಯ್ ಕುಂಯ್ ಅನ್ನುವ ಒಂದು ಯುಪಿಎಸ್ಸು. ಲಗ್ನಪತ್ರಿಕೆ, ನೌಕರಿ ಅರ್ಜಿ, ಅಂಗಡಿಗಳ ಬಿಲ್ ಬುಕ್ಕು ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ನಾನು ಬೆಳವಣಕಿಯ ಸಾಲೆಯಲ್ಲಿ ಟೀಚರ್ ಆಗಿದ್ದೆ, ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದೆ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದರಲ್ಲಿ ಯಾರೂ ಕಣ್ಣೀರು ಹಾಕುವಂಥದ್ದೇನೂ ಇಲ್ಲ. ಮನೆಯಲ್ಲಿ ಅವ್ವ, ನಾನು, ತಮ್ಮ, ಅವನ ಹೆಂಡತಿ, ಇಷ್ಟೇ ಜನ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಅಕ್ಕನದೋ ತಂಗಿಯದೋ. ಅವಳು ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಅಂದು ಹೆಸರು ಉಸುರುತ್ತಾಳೆ. ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಪಧಪ ಗುದ್ದುತ್ತಾರೆ. ನಗುತ್ತಲೇ ಗುದ್ದುವುದು, ಆದರೆ ಹಳೆಯ ಸಿಟ್ಟೇನಾದರೂ ಇದ್ದರೆ ಅದನ್ನೂ ಆಗಲೇ ತೀರಿಸಿಕೊಳ್ಳುತ್ತಾರೆ. ಓಣಿಯ ಯಾವ ತೊಟ್ಟಿಲನ್ನೂ ನಾನು ತಪ್ಪಿಸಿದವಳಲ್ಲ, ನನ್ನ ಗುದ್ದು ಹಗುರವೂ ಅಲ್ಲ. "ತಡಿಯವಾ, ನಿನ್ನ ಪಾಳಿನೂ ಬರತೈತಿ, ಆವಾಗ ನೋಡ್ತೀವಿ" ಎಂದು ಅವರೆಲ್ಲ ಕೈ ತಿಕ್ಕಿಕೊಂಡು ಕಾದಿದ್ದರು. ತಮ್ಮನ ಹೆಂಡತಿ ಬಸುರಿ ಎಂದು ತಿಳಿದಾಗ ನಮ್ಮ ಮನೆಯವರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ.

ಹೆಸರು ನಾನು ಆಗಲೇ ಆರಿಸಿಟ್ಟಿದ್ದೆ. ಗಂಡಾದರೆ ಒಂದು, ಹೆಣ್ಣಾದರೆ ಒಂದು. ಕೂಸಿನ ಕಿವಿಗೆ ಹೇಳುವ ತನಕ ಅದನ್ನು ಯಾರ ಮುಂದೂ ಬಾಯಿಬಿಡಬಾರದೆಂಬುದು ನಮ್ಮ ಮನೆಯ ರೂಢಿ. ತಮ್ಮ ಗೋಗರೆದ, ಮೈಸೂರಪಾಕದ ಆಸೆ ತೋರಿಸಿದ. ನಾನು ಮೈಸೂರಪಾಕ ತಿಂದೆ, ಹೆಸರು ಹೇಳಲಿಲ್ಲ.

ಹೆರಿಗೆಗೆ ತವರಿಗೆ ಹೋದವಳಿಗೆ ಹೆಣ್ಣು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಉಸಿರಾಡಲು ಕಷ್ಟಪಡುತ್ತಿತ್ತು. ದವಾಖಾನೆಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ತೊಟ್ಟಿಲ ದಿನ ಬರುವ ಮೊದಲೇ ಅದು ಹೋಯಿತು. ಆಗ ತಮ್ಮ ಔಷಧಿ ತರಲು ಕೆಳಗಿಳಿದಿದ್ದ. ಚೀಟಿ ಕೊಟ್ಟು, ಔಷಧಿ ಇಸಿದುಕೊಂಡು, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡಿ ಬರುವವರೆಗೂ ಆ ಔಷಧಿಯ ಪೊಟ್ಟಣ ಅವನ ಕೈಯಲ್ಲೇ ಇತ್ತು. ಅದನ್ನು ಬಿಡಿಸಿ ತೆಗೆದುಕೊಂಡವಳು ನಾನು.

ಹೆಂಡತಿಯನ್ನು ತವರಿನಲ್ಲೇ ಸುಧಾರಿಸಿಕೊಳ್ಳಲಿ ಎಂದು ಬಿಟ್ಟು ಅವನು ರೋಣಕ್ಕೆ ಬಂದ. ಮನಸ್ಸು ಹಗುರಾಗಲಿ ಎಂದು ನರಗುಂದದ ಅವನ ಗೆಳೆಯನೊಬ್ಬ ಒಂದು ಆಟದ ಸಿ.ಡಿ. ಕೊಟ್ಟು ಹೋದ. ಪುಣ್ಯಾತ್ಮ!

ನಾನು ಬೈಯಲೆಂದೇ ಒಂದು ಮಧ್ಯಾಹ್ನ ಆ ಕೋಣೆಗೆ ಹೋದೆ. ಸಾಲೆಗೆ ಸೂಟಿ ಬಿದ್ದಿತ್ತು. ಲಗ್ನದ ಸೀಜನ್ನು, ಪತ್ರಿಕೆ ಮಾಡಿಸಲು ಬಂದವರು ಬಾಗಿಲಲ್ಲಿ ನಿಂತು ಕೆಮ್ಮಿ ವಾಪಸು ಹೋಗುತ್ತಿದ್ದರು. ತೊಟ್ಟಿಲ ಕಾರ್ಯಕ್ರಮದ ಪತ್ರಿಕೆ ಎಂದು ಯಾರಾದರೂ ಬಂದರಂತೂ ಅವನು ತಲೆಯನ್ನೂ ಎತ್ತುತ್ತಿರಲಿಲ್ಲ. "ಪ್ರಿಂಟರ್ ಕೆಟ್ಟೈತ್ರಿ, ಬಸ್ ಸ್ಟ್ಯಾಂಡ್ ಕಡೆ ಕೇಳ್ರಿ" ಎಂದು ಸಾಗಹಾಕುತ್ತಿದ್ದ. ನಾನು ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಪರದೆ ಪೂರ್ತಿ ಕಪ್ಪಗಿತ್ತು, ನಡುವೆ ಅಂಗೈಯಗಲದ ಹಸಿರು ನೆಲ, ಅದರ ಮೇಲೆ ಒಂದು ಬಂಡಿ. ಅವನು ಬಂಡಿಯನ್ನು ಒಂದು ಹೆಜ್ಜೆ ಸರಿಸಿದ, ಕಪ್ಪು ಒಂದಿಷ್ಟು ಹಿಂದೆ ಸರಿದು ನದಿಯೊಂದು ಕಂಡಿತು. ಇನ್ನೊಂದು ಹೆಜ್ಜೆಗೆ ಒಂದು ಗುಡ್ಡ. "ಅದರಾಚಿ ಏನೈತಿ?" ಎಂದು ನಾನೇ ಕೇಳಿಬಿಟ್ಟೆ. ಅವನು ಕುರ್ಚಿ ಸರಿಸಿ ಜಾಗ ಕೊಟ್ಟ. ಬೈಯಲು ಬಂದವಳು ಸಂಜೆಯ ಚಹಾದವರೆಗೂ ಏಳಲಿಲ್ಲ.

ಆ ಆಟದ ಮಾಟ ಎಂಥದ್ದು ಎಂದು ನನಗೆ ಆಗಲೇ ತಿಳಿಯಿತು. ನಡುವೆ ಎದ್ದು ಹೋಗಲು ಅದು ಜಾಗವನ್ನೇ ಬಿಡುವುದಿಲ್ಲ. ಒಂದು ಊರಿನಲ್ಲಿ ಕಣಜ ಇನ್ನೇನು ಮುಗಿಯಬೇಕು, ಅದನ್ನು ನೋಡಿಯೇ ಏಳೋಣ ಅನ್ನಿಸುತ್ತದೆ. ಅದು ಮುಗಿಯುವ ಹೊತ್ತಿಗೆ ಇನ್ನೊಂದು ಊರಿನ ಹಡಗು ದಡ ಕಾಣುತ್ತಿರುತ್ತದೆ. ದಡ ಮುಟ್ಟಿದರೆ ಅಲ್ಲೊಬ್ಬ ಹೊಸ ರಾಜ ನಿಂತು ದೋಸ್ತಿಯೋ ಜಗಳವೋ ಎಂದು ಕೇಳುತ್ತಾನೆ. ಹುರಿದ ಶೇಂಗಾ ಮುಂದಿಟ್ಟುಕೊಂಡು ಕೂತ ಹಾಗೆ, ಸಾಕು ಅಂದುಕೊಳ್ಳುತ್ತಲೇ ಕೈ ಮುಂದಕ್ಕೆ ಹೋಗುತ್ತದೆ. ಗಡಿಬಿಡಿಯಂತೂ ಇಲ್ಲವೇ ಇಲ್ಲ. ಓಡುವ, ಹಾರುವ ಆಟಗಳನ್ನು ಅದೇ ಸೆಂಟರಿನಲ್ಲಿ ಹುಡುಗರು ಆಡುವುದನ್ನು ಕಂಡಿದ್ದೆ, ಕಣ್ಣು ಮಿಟುಕಿಸಿದರೆ ಸತ್ತಂತೆಯೇ. ಇದು ಹಾಗಲ್ಲ. ನಾನು ಆಡಿ ಮುಗಿಸಿ ಗುಂಡಿ ಒತ್ತಿದ ಮೇಲೆಯೇ ಉಳಿದವರ ಪಾಳಿ. ಒಮ್ಮೆ ವೈರಿ ನಮ್ಮ ಕೋಟೆಯ ಬಾಗಿಲಿಗೆ ಬಂದಾಗ ಅವ್ವ ಅಕ್ಕಿ ಆರಿಸಲು ಕರೆದಳು. ಅಕ್ಕಿ ಆರಿಸಿ, ಚಹಾ ಕುಡಿದು, ತಲೆ ಬಾಚಿಕೊಂಡು ಬಂದೆ. ಪಾಪ, ಅವನು ಕತ್ತಿ ಎತ್ತಿಕೊಂಡು ಅಲ್ಲೇ ನಿಂತಿದ್ದ.

ನಾನು ನಕ್ಕೆ. ತಮ್ಮ ನಗಲಿಲ್ಲ. "ನೋಡಕ್ಕಾ, ನಾವು ಎದ್ದು ಹೊರಗ ಹೋದ್ರೂ ಇಲ್ಲಿ ಯಾರೂ ಸಾಯಂಗಿಲ್ಲ" ಎಂದ.

ಅವನು ಯಾಕೆ ಆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅಲ್ಲಿ ಔಷಧಿ ತರಲು ಹೋಗಿ ಬಂದರೂ ಎಲ್ಲ ಬಿಟ್ಟಲ್ಲೇ ಇರುತ್ತದೆ. ಊರೊಂದು ಕೈತಪ್ಪಿದರೆ ಹಿಂದೆ ಉಳಿಸಿಟ್ಟ ಜಾಗಕ್ಕೆ ಹೋಗಿ ಅಲ್ಲಿಂದ ಮತ್ತೆ ಆಡಬಹುದು. ಅಡುಗೆಮನೆಗೆ ಹೋಗಿ ಸುಮ್ಮನೆ ಅತ್ತೆ.

ಆ ವಾರ ನಾನು, ಅವ್ವ ಗಜೇಂದ್ರಗಡಕ್ಕೆ ಹೋದೆವು. ತಮ್ಮನ ಹೆಂಡತಿಯ ತವರಿನ ಓಣಿಯಲ್ಲಿ ಮಗ್ಗದ ಸದ್ದು, ಒಳಗೆ ಮಾತಾಡಿಸಲು ಬಂದ ಹೆಂಗಸರ ಗುಂಪು. ಅವಳು ಗೋಡೆಗೆ ಒರಗಿ ಕೂತಿದ್ದಳು. ಕುಡಿಯುವ ಕೂಸಿಲ್ಲದ ಹಾಲು ಬತ್ತಲಿ ಎಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು.

"ಅವರು ಹ್ಯಾಂಗದಾರ್ರಿ ಅಕ್ಕಾರ?" ಎಂದು ಕೇಳಿದಳು.

"ಅದಾನವಾ. ಕಂಪ್ಯೂಟರನ್ಯಾಗ ಆಟ ಆಡ್ಕೊಂತ ಕುಂತಾನ" ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಅವಳು ನನ್ನ ಕೈ ಹಿಡಿದು, "ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆಕಿಗೆ ಏನ್ ಹೆಸರ ಇಡಬೇಕಂತ ಮಾಡಿದ್ರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ನಡುವೆ ಬಂದಳು. "ತೊಟ್ಟಲಕ್ಕ ಹಾಕಲಾರದ ಕೂಸಿನ ಹೆಸರ ಬಾಯಾಗ ತರಬಾರ್ದವಾ. ಮುಂದ ಹುಟ್ಟೂ ಕೂಸಿಗೆ ಚಲೋ ಅಲ್ಲ." ಸುತ್ತಲಿನ ಹೆಂಗಸರೆಲ್ಲ ಹೌದ್ರಿ, ಖರೇ ಐತ್ರಿ ಎಂದರು. ಹುಟ್ಟದೇ ಇರುವ ಕೂಸಿನ ಮೇಲೆ ಇವರಿಗೆಲ್ಲ ಇದ್ದ ಕಾಳಜಿ ನೋಡಿ ನನಗೆ ಮೈ ಉರಿಯಿತು.

"ಎಲ್ಲಾರೂ ಕೂಸು ಕೂಸು ಅಂತಾರ್ರಿ" ಎಂದಳು ಅವಳು, ಯಾರನ್ನೂ ನೋಡದೆ. "ಹೆಸರ ಹಿಡದು ಅಳಾಕೂ ನನಗ ಒಂದ್ ಹೆಸರಿಲ್ಲ."

ಸತ್ತವರನ್ನು ಹೆಸರು ಹಿಡಿದು, ಅವರ ಗುಣ ಹಾಡಿಕೊಂಡು ಅಳುವ ಜನ ನಾವು. ಹಾಗೆ ಅತ್ತರೇನೇ ನಮಗೆ ಅತ್ತಂತೆ ಅನ್ನಿಸುವುದು. ಅವಳಿಗೆ ಅದೂ ಇರಲಿಲ್ಲ. ಹೊರಡುವಾಗ ಅವ್ವ, "ನಡಿಯವಾ, ನಮ್ಮ ಕೂಡ ಬಂದಬಿಡು" ಎಂದು ಕರೆದಳು. "ಅವರ ಬರಲ್ರಿ. ಅವರ ಬಂದ್ರ ಬರ್ತೀನಿ, ಇಲ್ಲಾಂದ್ರ ಇಲ್ಲ" ಎಂದಳು. ಅವಳ ಅಣ್ಣ ನಮ್ಮನ್ನು ಬಸ್ಸಿಗೆ ಬಿಡಲು ಬಂದವನು ಬಸ್ಸು ಹೊರಡುವ ಮೊದಲೇ ಬೆನ್ನು ತಿರುಗಿಸಿ ಹೋದ. ಸೋಡಚೀಟಿಯ, ಅಂದರೆ ಗಂಡನನ್ನು ಬಿಟ್ಟುಬಿಡುವ ಮಾತು ಆ ಮನೆಯಲ್ಲಿ ಆಗಲೇ ಎದ್ದಿತ್ತೆಂದು ಆಮೇಲೆ ತಿಳಿಯಿತು. ಅವರದೇನು ತಪ್ಪು? ಹೆತ್ತ ಕೂಸನ್ನು ಕಳೆದುಕೊಂಡ ಮಗಳನ್ನು ನೋಡಲೂ ಬಾರದ ಅಳಿಯನಿಗೆ ಯಾರು ಆರತಿ ಎತ್ತುತ್ತಾರೆ?

ಮನೆಗೆ ಬಂದು ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವನು ಮೊದಲ ಬಾರಿ ಕೀಬೋರ್ಡಿನಿಂದ ಕೈ ತೆಗೆದ.

"ಹೋಗಿ ಏನ್ ಹೇಳ್ಲಿ ಅಕ್ಕಾ?" ಎಂದ. "ನೀನ ಹೇಳು. ಬಾಗಲದಾಗ ನಿಂತು ಏನ್ ಹೇಳ್ಲಿ? ಔಷಧ ತಂದೀನಿ ಅನ್ಲಿ?"

ಅವನು ಮತ್ತೆ ಪರದೆಯ ಕಡೆ ತಿರುಗಿದ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಇನ್ನೇನು ಮಾಡಲಿ? ಅವನು ಆ ಲೋಕದಿಂದ ಹೊರಗೆ ಬರುವುದಿಲ್ಲ ಅಂದಮೇಲೆ, ಒಳಗೆ ಅವನು ಒಬ್ಬನೇ ಇರುವುದಾದರೂ ಬೇಡ ಅನ್ನಿಸಿತು. ಅಲ್ಲಿಂದ ದಿನಾ ಮಧ್ಯಾಹ್ನ ಇಬ್ಬರೂ ಕೂಡಿಯೇ ಆಡಿದೆವು. ಊರು ಎಲ್ಲಿ ಕಟ್ಟಬೇಕು, ಯಾರ ಜೊತೆ ದೋಸ್ತಿ ಮಾಡಬೇಕು ಎಂದು ಜಗಳವಾಡುತ್ತಿದ್ದೆವು. ಚಿಕ್ಕಂದಿನಲ್ಲಿ ಹುಲಿಕಟ್ಟಿ ಆಡುವಾಗ ಆಡಿದ್ದ ಜಗಳಗಳೇ. ಆಗ ಸೋತರೆ ಕಾಯಿ ಚೆಲ್ಲಿ ಓಡುತ್ತಿದ್ದ ಹುಡುಗ ಈಗ ಸೋತರೂ ಗೆದ್ದರೂ ಒಂದೇ ಮುಖ ಮಾಡಿಕೊಂಡು ಕೂತಿರುತ್ತಿದ್ದ.

ಆ ಆಟದಲ್ಲಿ ಹೊಸ ಊರು ಕಟ್ಟಿದಾಗಲೆಲ್ಲ ಒಂದು ಸಣ್ಣ ಚೌಕ ತೆರೆದುಕೊಂಡು ಊರಿಗೆ ಹೆಸರೇನು ಎಂದು ಕೇಳುತ್ತದೆ. ಯಾವುದೋ ದೇಶದ, ಬಾಯಿಗೆ ಬಾರದ ಒಂದು ಹೆಸರನ್ನು ತಾನೇ ಬರೆದು ಮುಂದಿಟ್ಟಿರುತ್ತದೆ. ಬೇಡವಾದರೆ ಅಳಿಸಿ ನಮ್ಮದು ಬರೆಯಬಹುದು. ತಮ್ಮ ಯಾವತ್ತೂ ಅದನ್ನು ಓದಿದವನಲ್ಲ, ಚೌಕ ತೆರೆಯುತ್ತಲೇ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ನದಿಯ ತಿರುವಿನಲ್ಲಿ ಒಂದು ಊರು ಕಟ್ಟಿದೆವು. ಸಣ್ಣ ಊರು, ಹೆಚ್ಚು ಉಪಯೋಗದ್ದೂ ಅಲ್ಲ. ಚೌಕ ತೆರೆಯಿತು. ಅವನ ಬೆರಳು ಎಂಟರ್ ಮೇಲೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಅಲ್ಲಿದ್ದ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿದ. ಖಾಲಿ ಚೌಕದಲ್ಲಿ ಗೆರೆಯೊಂದು ಮಿಣಿಮಿಣಿ ಅನ್ನುತ್ತಿತ್ತು.

"ನೀನ ಇಡು ಅಕ್ಕಾ" ಎಂದ.

ಅವನು ಊರಿನ ಮಾತನ್ನೇ ಆಡಿದನೋ, ಬೇರೆ ಮಾತನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಿಯೂ ಇಲ್ಲ. ಅವ್ವನ ಮಾತು ನೆನಪಾಯಿತು. ಬಾಯಲ್ಲಿ ತರಬಾರದು ತಾನೆ? ತರಲಿಲ್ಲ. ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡು, ಬಗ್ಗಿ, ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದೆ. ಆ ಆಟಕ್ಕೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದೆ.

ತಮ್ಮ ಅದನ್ನು ಓದಿದ. ತುಟಿ ಅಲುಗಾಡಿತು, ಸದ್ದು ಬರಲಿಲ್ಲ. ನನ್ನ ಮುಖ ನೋಡಿದ.

"ಇದ?" ಎಂದ.

"ಇದ" ಎಂದೆ.

"ಭಾಳ ಚಲೋ ಐತಿ" ಎಂದ. ಆಮೇಲೆ ಎಂಟರ್ ಒತ್ತಿದ.

ಅವತ್ತು ಅವನು ಹೊಸ ಊರು ಕಟ್ಟಲಿಲ್ಲ, ಹಡಗು ಬಿಡಲಿಲ್ಲ, ಯಾರ ಮೇಲೂ ಏರಿ ಹೋಗಲಿಲ್ಲ. ಉಳಿದ ಊರುಗಳಲ್ಲಿದ್ದ ಸಿಪಾಯಿಗಳನ್ನೆಲ್ಲ ಒಬ್ಬೊಬ್ಬರಾಗಿ ನಡೆಸಿಕೊಂಡು ಬಂದು ಆ ಸಣ್ಣ ಊರಿನಲ್ಲಿ ನಿಲ್ಲಿಸಿದ. "ಏ ಹುಚ್ಚಾ, ಅಲ್ಲಿ ಹತ್ತಿರದಾಗ ವೈರಿನ ಇಲ್ಲಲ್ಲೋ" ಎಂದೆ. "ಇರಲಿ ಬಿಡು ಅಕ್ಕಾ" ಎಂದ. ಊರಿನ ಸುತ್ತ ಕೋಟೆ ಏಳುವವರೆಗೂ ಪಾಳಿಯ ಮೇಲೆ ಪಾಳಿ ಕಾದ. ಕೋಟೆ ಮುಗಿಯಿತು. ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅತ್ತ. ಮಣ್ಣು ಮಾಡಿದ ದಿನವೂ ಅಳದವನು, ದೊಡ್ಡ ದನಿ ತೆಗೆದು ಅತ್ತ. ಅವ್ವ ಗಾಬರಿಯಾಗಿ ಒಳಗಿಂದ ಓಡಿ ಬಂದಳು, ನಾನು ಕೈಸನ್ನೆ ಮಾಡಿ ತಡೆದೆ. ಹೊರಗೆ ಇನ್ನೂ ಬಿಸಿಲಿತ್ತು. ಅವನೇ ಕಂಪ್ಯೂಟರ್ ಬಂದ್ ಮಾಡಿ ಎದ್ದ.

ಮರುದಿನ ಮೊದಲ ಬಸ್ಸಿಗೆ ಗಜೇಂದ್ರಗಡಕ್ಕೆ ಹೋದ. ಕೈಯಲ್ಲಿ ಏನೂ ಒಯ್ಯಲಿಲ್ಲ. ಅವ್ವ ಹೂವು ಹಣ್ಣು ಕಟ್ಟಿಕೊಡಲು ಹೋದರೆ, "ಬ್ಯಾಡಬೇ, ಹೇಳಾಕ ಒಂದ್ ಮಾತೈತಿ, ಸಾಕು" ಎಂದ. ಅವ್ವನಿಗೆ ಏನೂ ತಿಳಿಯಲಿಲ್ಲ. ನಾನು ಹೇಳಲೂ ಇಲ್ಲ.

ಅಲ್ಲಿ ಏನಾಯಿತೆಂದು ನಾನು ಕಂಡಿಲ್ಲ, ಅವರಿಬ್ಬರೂ ಹೇಳಿಲ್ಲ. ಎರಡು ಮೂರು ದಿನ ಅವನ ಸುದ್ದಿಯೇ ಇರಲಿಲ್ಲ. ನಾನು ಹೊರಗೆ ಗಟ್ಟಿಯಾಗಿ ಕಂಡರೂ ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದೆ. ಅವಳು ಬರದಿದ್ದರೆ ನನ್ನ ತಮ್ಮ ಮತ್ತೆ ಆ ಕುರ್ಚಿಯಲ್ಲಿ ಕೂರುತ್ತಾನೆ, ಆಮೇಲೆ ಅವನನ್ನು ಎಬ್ಬಿಸುವುದು ಯಾರಿಂದಲೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮುಂದೆ ಒಂದು ಬೆಳಿಗ್ಗೆ ಒಲೆಯ ಮುಂದೆ ಬಗ್ಗಿ ಕೂತು ರೊಟ್ಟಿ ಬಡಿಯುತ್ತಿದ್ದೆ. ಕೈಯ ಸದ್ದಿನಲ್ಲಿ ಬಾಗಿಲು ತೆರೆದದ್ದು ಕೇಳಲಿಲ್ಲ. ಹಿಂದೆ ಬಳೆಯ ಸದ್ದಾಯಿತು. ಯಾರೆಂದು ತಿರುಗುವ ಮೊದಲೇ ನನ್ನ ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು. ತೀರಾ ಹಗುರಾದ ಗುದ್ದು. ಮುಷ್ಟಿ ಬಿಚ್ಚಲಿಲ್ಲ, ಬೆನ್ನಿನ ಮೇಲೆಯೇ ಉಳಿಯಿತು. ಹಿಂದಿನಿಂದ ಅವಳು ಆ ಹೆಸರು ಹಿಡಿದು ಅಳಲು ಶುರುಮಾಡಿದಳು. ಅಷ್ಟು ದಿನ ನಾನೊಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೆಸರನ್ನು ಮೊದಲ ಬಾರಿ ಇನ್ನೊಬ್ಬರ ಬಾಯಲ್ಲಿ ಕೇಳಿದೆ. ನಾನು ತಿರುಗಲಿಲ್ಲ, ಅವಳ ಅಳು ಮುಗಿಯುವ ತನಕ ಬೆನ್ನು ಹಾಗೇ ಬಗ್ಗಿಸಿಕೊಂಡು ಕೂತಿದ್ದೆ.