ಎದುರು ನಿಲ್ಲಲು ಯಾರೂ ಇಲ್ಲದ ಚುನಾವಣೆ

ಮಲೇಷ್ಯಾದ ಸೈಬರ್‌ಜಯಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಕೆಳಗಿನ ಮನೆಯಲ್ಲಿ, ಯುದ್ಧದಿಂದ ತಪ್ಪಿಸಿಕೊಂಡು ಬಂದ ಒಬ್ಬ ಹೆಂಗಸಿದ್ದರು. ಇಲ್ಲಿಯ ರೂಢಿಯಂತೆ ಅಕ್ಕ ಎನ್ನುವ ಅರ್ಥದಲ್ಲಿ ನಾನು ಅವರನ್ನು 'ಕಾಕ್' ಎನ್ನುತ್ತಿದ್ದೆ. ಅವರ ಅಣ್ಣ ಅವರ ದೇಶದಲ್ಲಿ ಸಂಸದರಾಗಿದ್ದರು. ಬಾಂಬ್ ದಾಳಿಯಲ್ಲಿ ತೀರಿಕೊಂಡಿದ್ದರು. ತೆರವಾದ ಜಾಗಕ್ಕೆ ಉಪಚುನಾವಣೆ ಬಂದಾಗ ಆ ಅಣ್ಣನ ಹೆಂಡತಿ, ಕಾಕ್‌ರ ಅತ್ತಿಗೆ, ನಾಮಪತ್ರ ಹಾಕಿದರು. ಬೇರೆ ಯಾರೂ ಹಾಕಲಿಲ್ಲ. ಅವಿರೋಧವಾಗಿ ಗೆದ್ದರೆಂದು ತಿಳಿದ ಸಂಜೆ ನಾನು ಕೇಸರಿಬಾತ್ ಮಾಡಿಕೊಂಡು ಕೆಳಗಿಳಿದೆ.

ಕಾಕ್ ಡಬ್ಬಿ ತೆರೆಯಲಿಲ್ಲ.

"ಪ್ರತಿ ಸಲವೂ ಅಣ್ಣನ ವಿರುದ್ಧ ಒಬ್ಬ ಔಷಧಿ ಅಂಗಡಿಯವನು ನಿಲ್ಲುತ್ತಿದ್ದ. ಬಾಯಿಗೆ ಬಂದಂತೆ ಬೈಯುತ್ತಿದ್ದ. ಸೋತ ಮೇಲೆ ನಮ್ಮನೆಗೇ ಬಂದು ಟೀ ಕುಡಿಯುತ್ತಿದ್ದ."

"ಸತ್ತವರ ಮೇಲಿನ ಗೌರವಕ್ಕೆ ಈ ಸಲ ಸುಮ್ಮನಾಗಿರಬಹುದು," ಎಂದೆ.

"ಸುಮ್ಮನಾಗುವ ಗಂಡಸಲ್ಲ ಅವನು."

ಕಾಕ್ ಅವನ ನಂಬರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. ರಿಂಗ್ ಆಗುತ್ತಲೇ ಇತ್ತು. ಯಾವುದೋ ಗೋಡೆ ಬಿದ್ದ ಕೋಣೆಯಲ್ಲಿ ಆ ಸದ್ದು ಕೇಳಿಸುತ್ತಿದೆಯೇನೋ ಎನಿಸಿತು. ಕರೆ ತಾನಾಗಿ ಕಡಿದುಹೋಯಿತು. ಅವರು ಮತ್ತೆ ಒತ್ತಿದರು.

ಆ ವಾರವೇ ಅತ್ತಿಗೆ ಪ್ರಮಾಣವಚನ ತೆಗೆದುಕೊಂಡರು. ಕಾಕ್ ಫೋನಿನಲ್ಲಿ ಅವರನ್ನು ಮೊದಲು ಕೇಳಿದ್ದು ಔಷಧಿ ಅಂಗಡಿಯವನ ಬಗ್ಗೆ. ಅವನ ಅಂಗಡಿಯಿದ್ದ ಬೀದಿಯೇ ಈಗ ಇಲ್ಲ ಎಂದರಂತೆ ಅತ್ತಿಗೆ.

ಅಣ್ಣನಿಗಾಗಿ ಕಾಕ್ ಅತ್ತದ್ದನ್ನು ನಾನು ನೋಡಿರಲಿಲ್ಲ. ಇದನ್ನು ಹೇಳುವಾಗ ನನ್ನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.